ಕ್ರಿಸ್‌ಮಸ್ ರಜೆಯಲ್ಲಿ ಡಿಸ್ನಿ ವರ್ಲ್ಡ್: ಅತ್ತೆ ಮಾವ, ಚಿಕ್ಕ ಮಕ್ಕಳ ಜೊತೆ ಹೋಗುತ್ತಿದ್ದೇವೆ, ಸಲಹೆ ಬೇಕು

ಹೊಂಬಿಸಿಲು

ಎಲ್ಲರಿಗೂ ನಮಸ್ಕಾರ. ಈ ಸಲ ಕ್ರಿಸ್‌ಮಸ್ ರಜೆಗೆ ಫ್ಲೊರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನಮ್ಮವರು, ಏಳು ವರ್ಷದ ಮಗಳು, ಎರಡೂವರೆ ವರ್ಷದ ಮಗ, ಜೊತೆಗೆ ಊರಿಂದ ಬಂದಿರುವ ಅತ್ತೆ ಮಾವ. ಮಾವನವರಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅತ್ತೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗಳ ಸ್ಕೂಲಿಗೆ ರಜೆ ಸಿಗುವುದೇ ಕ್ರಿಸ್‌ಮಸ್ ಹತ್ತಿರ ಬಂದಾಗ. ಹಾಗಾಗಿ 26ಕ್ಕೆ ಹೋಗಿ 31ಕ್ಕೆ ಹೊರಡುವ ಯೋಚನೆ ಇದೆ.

ಯಾರನ್ನು ಕೇಳಿದರೂ ಆ ವಾರ ಹೋಗಲೇಬೇಡಿ, ಕ್ಯೂನಲ್ಲಿ ನಿಂತೇ ದಿನ ಮುಗಿಯುತ್ತದೆ ಅನ್ನುತ್ತಾರೆ. ನಿಜವಾಗಿ ಅಷ್ಟು ಕಷ್ಟವಾ? ವಯಸ್ಸಾದವರನ್ನು ಕರೆದುಕೊಂಡು ಹೋಗುವುದರಿಂದ ಭಯ ಆಗುತ್ತಿದೆ. ಹೋಗಿ ಬಂದವರು ದಯವಿಟ್ಟು ವಿವರವಾಗಿ ಹೇಳಿ.

ಶ್ರಾವಣ

ನೇರವಾಗಿ ಹೇಳುತ್ತೇನೆ, ದಿನಾಂಕ ಬದಲಾಯಿಸಲು ಸಾಧ್ಯವಾದರೆ ಬದಲಾಯಿಸಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಮುಗಿದ ಮೇಲೆ ಡಿಸೆಂಬರ್‌ನ ಮೊದಲ ಎರಡು ವಾರ ಇದೆಯಲ್ಲ, ಅದೇ ಒಳ್ಳೆಯ ಸಮಯ. ಅಲಂಕಾರ ಎಲ್ಲ ಆಗಲೇ ಮುಗಿದಿರುತ್ತದೆ, ಜನ ಕಡಿಮೆ, ಟಿಕೆಟ್ ದರವೂ ಕಡಿಮೆ. ಡಿಸ್ನಿ ಟಿಕೆಟ್‌ಗೆ ವರ್ಷವಿಡೀ ಒಂದೇ ಬೆಲೆ ಇಲ್ಲ, ದಿನಾಂಕ ನೋಡಿ ಬೆಲೆ. 2024ರ ಕ್ರಿಸ್‌ಮಸ್ ವಾರದಲ್ಲಿ, ಅಲ್ಲಿನ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್, ತೆರಿಗೆ ಬಿಟ್ಟು, 189 ಡಾಲರ್ ಇತ್ತು. ಹತ್ತು ವರ್ಷ ತುಂಬಿದವರೆಲ್ಲ ದೊಡ್ಡವರ ಲೆಕ್ಕ. ಮೂರು ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ನಿಮ್ಮ ಮಗನದು ಉಳಿಯಿತು.

ಇನ್ನೊಂದು ವಿಷಯ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ‘ಮಿಕ್ಕೀಸ್ ವೆರಿ ಮೆರ‍್ರಿ ಕ್ರಿಸ್‌ಮಸ್ ಪಾರ್ಟಿ’ ಅಂತ ನಡೆಯುತ್ತದೆ. ಸಂಜೆ 7ರಿಂದ ರಾತ್ರಿ 12ರವರೆಗೆ, ಅದಕ್ಕೆ ಬೇರೆಯೇ ಟಿಕೆಟ್. ನವೆಂಬರ್‌ನಲ್ಲಿ ಶುರುವಾಗಿ ಕ್ರಿಸ್‌ಮಸ್‌ಗೆ ಮುಂಚೆಯೇ ಮುಗಿದುಬಿಡುತ್ತದೆ. ನೀವು 26ಕ್ಕೆ ಹೋದರೆ ಅದು ಸಿಗುವುದಿಲ್ಲ. ಪಾರ್ಟಿ ಇರುವ ದಿನ ಮಾಮೂಲಿ ಟಿಕೆಟ್‌ನವರು ಸಂಜೆಗೇ ಹೊರಡಬೇಕು. ಅದಕ್ಕೇ ಆ ದಿನ ಹಗಲು ಹೊತ್ತಿನಲ್ಲಿ ಪಾರ್ಕು ಎಷ್ಟೋ ಖಾಲಿ ಇರುತ್ತದೆ, ಗೊತ್ತಿರುವವರು ಬೇಕಂತಲೇ ಆ ದಿನ ಆರಿಸಿಕೊಳ್ಳುತ್ತಾರೆ.

ಸ್ಕೂಲಿಗೆ ನಾಲ್ಕು ದಿನ ರಜೆ ಹಾಕಿಸಿ ಹೋಗಿ ಅಂತಲೇ ನನ್ನ ಸಲಹೆ.

ಕಾಡುಮಲ್ಲಿಗೆ

ಶ್ರಾವಣ ಅವರು ಹೇಳಿದ್ದು ಸರಿ, ಆದರೆ ಎಲ್ಲರಿಗೂ ಸ್ಕೂಲು ತಪ್ಪಿಸಲು ಆಗುವುದಿಲ್ಲ. ನಾನು ಇಲ್ಲೇ ಫ್ಲೊರಿಡಾದಲ್ಲಿದ್ದೇನೆ, ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗುವುದು ನಮ್ಮ ಮನೆಯ ಕೆಲಸವೇ ಆಗಿಬಿಟ್ಟಿದೆ, ಅದರಲ್ಲಿ ಹೆಚ್ಚಿನವರು ಬರುವುದು ಇದೇ ವಾರದಲ್ಲಿ. ಹೊಂಬಿಸಿಲು ಅವರೇ, ಹೆದರಬೇಡಿ. ಆ ವಾರ ಖಂಡಿತ ಹೋಗಬಹುದು, ಹೋಗುವ ರೀತಿ ಮಾತ್ರ ಬೇರೆ.

ಜನ ಜಾಸ್ತಿ ಅನ್ನುವುದು ಸುಳ್ಳಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವೇ ಇಡೀ ವರ್ಷದಲ್ಲಿ ಅತಿ ಹೆಚ್ಚು ನೂಕುನುಗ್ಗಲಿನದು. ಹೆಸರಿರುವ ರೈಡ್‌ಗೆ ಮಧ್ಯಾಹ್ನ ಎರಡು ಗಂಟೆ ಕ್ಯೂ ಇದ್ದರೆ ಆಶ್ಚರ್ಯ ಇಲ್ಲ. ಆದರೆ ಅದೇ ವಾರ ಪಾರ್ಕುಗಳು ಬೆಳಗ್ಗೆ ಬೇಗ ತೆಗೆದು ರಾತ್ರಿ ತುಂಬಾ ಹೊತ್ತು ತೆರೆದಿರುತ್ತವೆ. ಬೆಳಗ್ಗೆ ಮೊದಲ ಮೂರು ಗಂಟೆ, ರಾತ್ರಿ ಕೊನೆಯ ಮೂರು ಗಂಟೆ, ಇವೆರಡೇ ನಿಮ್ಮ ಹೊತ್ತು. ಬೆಳಗ್ಗೆ 11ರಿಂದ ಸಂಜೆ 5ರವರೆಗೆ ಪಾರ್ಕನ್ನು ಬೇರೆಯವರಿಗೆ ಬಿಟ್ಟುಕೊಡಿ. ರೂಮಿಗೆ ಬಂದು ಊಟ ಮಾಡಿ, ಮಗನನ್ನು ಮಲಗಿಸಿ, ಮಾವನವರು ಕಾಲು ಚಾಚಿಕೊಳ್ಳಲಿ. ಮಧ್ಯಾಹ್ನ ಪಾರ್ಕಿನಲ್ಲೇ ಇದ್ದು ಟಿಕೆಟ್ ವಸೂಲಿ ಮಾಡುತ್ತೇವೆ ಅಂತ ಹೊರಟವರು ಸಂಜೆ ಐದಕ್ಕೆ ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಬರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಅಷ್ಟರಲ್ಲಿ ದೀಪ ಹತ್ತುವ ಹೊತ್ತು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಐದೂವರೆ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ, ನೋಡಬೇಕಾದದ್ದೆಲ್ಲ ಆಮೇಲೇ ಶುರು.

ಇನ್ನು ಪಾರ್ಟಿ ಸಿಗಲಿಲ್ಲ ಅಂತ ಬೇಸರ ಬೇಡ. ಪಾರ್ಟಿಯಲ್ಲಿ ತೋರಿಸುವ ಕ್ರಿಸ್‌ಮಸ್ ಮೆರವಣಿಗೆಯನ್ನೇ ಕ್ರಿಸ್‌ಮಸ್ ವಾರದಲ್ಲಿ ಮಾಮೂಲಿ ಟಿಕೆಟ್‌ನವರಿಗೂ ತೋರಿಸುತ್ತಾರೆ. ಸಾಂತಾ ಕ್ಲಾಸ್ ಕೊನೆಯಲ್ಲಿ ಬರುತ್ತಾನೆ, ಮಗಳಿಗೆ ಹೇಳಿಡಿ.

ಗಿರಿಧಾಮ

ಮೆರವಣಿಗೆ, ದೀಪ ಎಲ್ಲ ಸರಿ, ಆದರೆ ಅಷ್ಟು ದುಡ್ಡು ಕೊಟ್ಟು ಹೋಗಿ ರೈಡ್ ಮಾಡದೆ ಬರುವುದು ನನಗೆ ಒಪ್ಪಿಗೆ ಇಲ್ಲ. ಲೈಟ್ನಿಂಗ್ ಲೇನ್ ತೆಗೆದುಕೊಳ್ಳಿ, ಅಂದರೆ ದುಡ್ಡು ಕೊಟ್ಟು ಬೇರೆ ಚಿಕ್ಕ ಕ್ಯೂನಲ್ಲಿ ಹೋಗುವ ವ್ಯವಸ್ಥೆ. ಕ್ರಿಸ್‌ಮಸ್ ವಾರಕ್ಕೆ ಇದು ಬೇಕೇ ಬೇಕು.

ಹಳೆಯ ವಿಡಿಯೊ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಕ್ಯೂ ಉಳಿಸುವ ಹಳೆಯ ಫಾಸ್ಟ್‌ಪಾಸ್ ಈಗ ಇಲ್ಲ. 2021ರಲ್ಲಿ ಬಂದ ಜೀನಿ ಪ್ಲಸ್ ಕೂಡ ಇಲ್ಲ. 2024ರ ಜುಲೈನಿಂದ ಅದರ ಜಾಗಕ್ಕೆ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್, ಸಿಂಗಲ್ ಪಾಸ್ ಬಂದಿವೆ. ಮಲ್ಟಿ ಪಾಸ್‌ನಲ್ಲಿ ಮೊದಲೇ ಮೂರು ರೈಡ್‌ಗೆ ಸಮಯ ಹಿಡಿಯಬಹುದು, ಒಂದು ಮುಗಿದ ಮೇಲೆ ಆ್ಯಪ್‌ನಲ್ಲೇ ಇನ್ನೊಂದು. ಅತಿ ಬೇಡಿಕೆಯ ರೈಡ್‌ಗಳಿಗೆ ಮಾತ್ರ ಸಿಂಗಲ್ ಪಾಸ್ ಅಂತ ಬೇರೆ ದುಡ್ಡು: ಮ್ಯಾಜಿಕ್ ಕಿಂಗ್‌ಡಮ್‌ನ ಟ್ರಾನ್, ಎಪ್ಕಾಟ್‌ನ ಗಾರ್ಡಿಯನ್ಸ್ ಕಾಸ್ಮಿಕ್ ರಿವೈಂಡ್, ಹಾಲಿವುಡ್ ಸ್ಟುಡಿಯೋಸ್‌ನ ರೈಸ್ ಆಫ್ ದಿ ರೆಸಿಸ್ಟೆನ್ಸ್, ಅನಿಮಲ್ ಕಿಂಗ್‌ಡಮ್‌ನ ಫ್ಲೈಟ್ ಆಫ್ ಪ್ಯಾಸೇಜ್. ಪ್ರೀಮಿಯರ್ ಪಾಸ್ ಅಂತ ಇನ್ನೊಂದಿದೆ, ಸಮಯ ಹಿಡಿಯದೆ ಯಾವಾಗ ಬೇಕಾದರೂ ಹೋಗಬಹುದು, ಆದರೆ ಶುರುವಾದಾಗಲೇ ಅದರ ದರ ಒಬ್ಬರಿಗೆ ಒಂದು ದಿನಕ್ಕೆ 129ರಿಂದ 449 ಡಾಲರ್ ಇತ್ತು. ಅದು ನಮ್ಮಂಥವರಿಗಲ್ಲ.

ಎಲ್ಲಕ್ಕಿಂತ ಮುಖ್ಯ: ಡಿಸ್ನಿಯ ಹೋಟೆಲ್‌ನಲ್ಲಿ ಉಳಿದರೆ ಚೆಕ್ ಇನ್‌ಗೆ ಏಳು ದಿನ ಮುಂಚೆಯೇ, ಇಡೀ ವಾಸ್ತವ್ಯದ ದಿನಗಳಿಗೆ ಲೈಟ್ನಿಂಗ್ ಲೇನ್ ಬುಕ್ ಮಾಡಬಹುದು. ಹೊರಗೆ ಉಳಿದವರಿಗೆ ಮೂರು ದಿನ ಮುಂಚೆ ಮಾತ್ರ. ಕ್ರಿಸ್‌ಮಸ್ ವಾರದಲ್ಲಿ ಈ ನಾಲ್ಕು ದಿನದ ವ್ಯತ್ಯಾಸ ತುಂಬಾ ದೊಡ್ಡದು. ಒಳ್ಳೆಯ ಹೊತ್ತೆಲ್ಲ ಮೊದಲಿನವರೇ ಹಿಡಿದಿರುತ್ತಾರೆ.

ಮಗಳ ಎತ್ತರ ಎಷ್ಟು? ಅದನ್ನು ಹೇಳಿದರೆ ಯಾವುದಕ್ಕೆ ಬಿಡುತ್ತಾರೆ ಅಂತ ಹೇಳಬಹುದು.

ಹೊಂಬಿಸಿಲು

46 ಇಂಚು ಇದ್ದಾಳೆ. ರೈಡ್ ಅಂದರೆ ಪ್ರಾಣ ಅವಳಿಗೆ. ಮಗ ಅಂತೂ ಯಾವುದಕ್ಕೂ ಆಗುವುದಿಲ್ಲ ಅಲ್ವಾ? ನಾವಿನ್ನೂ ಹೋಟೆಲ್ ಬುಕ್ ಮಾಡಿಲ್ಲ, ಹೊರಗೆ ಮನೆ ಬಾಡಿಗೆಗೆ ತೆಗೆದುಕೊಂಡರೆ ಅಡುಗೆ ಮಾಡಿಕೊಳ್ಳಬಹುದು ಅಂತ ಅತ್ತೆ ಹೇಳುತ್ತಿದ್ದಾರೆ.

ಗಿರಿಧಾಮ

46 ಇದ್ದರೆ ಟ್ರಾನ್‌ಗೆ ಬಿಡುವುದಿಲ್ಲ, ಅದಕ್ಕೆ 48 ಬೇಕು. ಸ್ಪೇಸ್ ಮೌಂಟನ್ 44, ಫ್ಲೈಟ್ ಆಫ್ ಪ್ಯಾಸೇಜ್ 44, ಎವರೆಸ್ಟ್ 44, ಕಾಸ್ಮಿಕ್ ರಿವೈಂಡ್ 42, ರೈಸ್ 40, ಸೆವೆನ್ ಡ್ವಾರ್ಫ್ಸ್ ಮತ್ತು ಸ್ಲಿಂಕಿ ಡಾಗ್ 38. ಇವೆಲ್ಲಕ್ಕೂ ಹೋಗಬಹುದು. ಬಾಗಿಲಲ್ಲೇ ಅಳೆಯುತ್ತಾರೆ, ಅರ್ಧ ಇಂಚು ಕಡಿಮೆ ಇದ್ದರೂ ಬಿಡುವುದಿಲ್ಲ, ಇದನ್ನು ಮಗಳಿಗೆ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ.

ಗಂಡ ಹೆಂಡತಿ ಇಬ್ಬರಿಗೂ ಹತ್ತುವ ಆಸೆ ಇದ್ದು ಮಗನನ್ನು ಯಾರಾದರೂ ನೋಡಿಕೊಳ್ಳಬೇಕಾದರೆ ರೈಡಿನ ಬಾಗಿಲಲ್ಲಿ ರೈಡರ್ ಸ್ವಿಚ್ ಬೇಕು ಅಂತ ಕೇಳಿ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಇಡೀ ಕ್ಯೂ ನಿಲ್ಲದೆ ಹೋಗಬಹುದು. ಅದಕ್ಕೆ ದುಡ್ಡಿಲ್ಲ.

ಕಾಡುಮಲ್ಲಿಗೆ

ಮಗನಿಗೆ ಏನೂ ಇಲ್ಲ ಅಂದುಕೊಳ್ಳಬೇಡಿ! ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಎತ್ತರದ ನಿಯಮ ಇಲ್ಲದ್ದೇ ಜಾಸ್ತಿ. ಡಂಬೊ, ಪೀಟರ್ ಪ್ಯಾನ್, ಇಟ್ಸ್ ಎ ಸ್ಮಾಲ್ ವರ್ಲ್ಡ್, ತಿರುಗುವ ಕುದುರೆಗಳು. ಜಂಗಲ್ ಕ್ರೂಸ್ ಅನ್ನು ಹಬ್ಬಕ್ಕೆ ಜಿಂಗಲ್ ಕ್ರೂಸ್ ಮಾಡಿರುತ್ತಾರೆ, ದೋಣಿ ತುಂಬಾ ಅಲಂಕಾರ. ಅನಿಮಲ್ ಕಿಂಗ್‌ಡಮ್‌ನ ಸಫಾರಿಗೆ ಎಲ್ಲರೂ ಒಟ್ಟಿಗೆ ಹೋಗಬಹುದು, ಜಿರಾಫೆ, ಆನೆ, ಸಿಂಹ. ಗಾಡಿ ಸ್ವಲ್ಪ ಕುಲುಕುತ್ತದೆ, ಮಾವನವರಿಗೆ ಬೆನ್ನು ನೋವೂ ಇದ್ದರೆ ಯೋಚಿಸಿ. ಬೆಳಗ್ಗೆ ಮೊದಲು ಹೋದರೆ ಪ್ರಾಣಿಗಳು ಓಡಾಡುವುದು ಕಾಣುತ್ತದೆ.

ತುಂಗಾತೀರ

ಅಕ್ಕ, ನಾನೂ ಅಪ್ಪ ಅಮ್ಮನನ್ನು ಇದೇ ರಜೆಯಲ್ಲಿ ಕರೆದುಕೊಂಡು ಹೋಗಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಮಾವನವರಿಗೆ ವೀಲ್‌ಚೇರ್ ತೆಗೆದುಕೊಳ್ಳಿ. ಮನೆಯಲ್ಲಿ ನಡೆದಾಡುವವರು ನನಗೆ ಯಾಕೆ ಅದು ಅಂತಾರೆ, ಅವರಿಗೆ ಬೇಸರ ಆಗುತ್ತದೆ, ಗೊತ್ತು. ಆದರೆ ಈ ಜಾಗದ ಅಳತೆ ಅವರಿಗೆ ಊಹೆಗೂ ಬಂದಿರುವುದಿಲ್ಲ. ಒಟ್ಟು ಸುಮಾರು 25,000 ಎಕರೆ. ನಾಲ್ಕು ದೊಡ್ಡ ಪಾರ್ಕು, ಎರಡು ನೀರಿನ ಪಾರ್ಕು. ಎಪ್ಕಾಟ್‌ನಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪ ಇವೆ, ಆ ಒಂದು ಸುತ್ತೇ ಹತ್ತಿರ ಹತ್ತಿರ ಎರಡು ಕಿಲೋಮೀಟರ್. ಕಾರಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಹೋದರೆ ಪಾರ್ಕಿಂಗ್ ಕೆರೆಯ ಈಚೆ ದಡದಲ್ಲಿ. ಅಲ್ಲಿಂದ ಮೊನೊರೈಲ್ ಅಥವಾ ದೋಣಿ ಹಿಡಿಯಬೇಕು. ಬಾಗಿಲು ತಲುಪುವುದಕ್ಕೇ ಅರ್ಧ ಗಂಟೆ ಇಟ್ಟುಕೊಳ್ಳಿ.

ವೀಲ್‌ಚೇರ್ ಪಾರ್ಕಿನ ಬಾಗಿಲಲ್ಲೇ ಬಾಡಿಗೆಗೆ ಸಿಗುತ್ತದೆ, ಮೊದಲು ಬಂದವರಿಗೆ ಮೊದಲು. ಆ ವಾರ ಬೇಗ ಖಾಲಿ ಆಗಬಹುದು, ಜೊತೆಗೆ ಪಾರ್ಕಿನಿಂದ ಹೊರಗೆ ಒಯ್ಯುವಂತಿಲ್ಲ. ಇಡೀ ಪ್ರವಾಸಕ್ಕೆ ಹೊರಗಿನಿಂದ ಬಾಡಿಗೆಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು, ಬಸ್ಸು, ಮೊನೊರೈಲ್, ತಂತಿಯ ಮೇಲೆ ಹೋಗುವ ಸ್ಕೈಲೈನರ್ ಎಲ್ಲದರಲ್ಲೂ ಒಯ್ಯಬಹುದು. ವೀಲ್‌ಚೇರ್ ಇದ್ದರೆ ಕ್ಯೂ ತಪ್ಪುತ್ತದೆ ಅಂತ ಕೆಲವರು ಹೇಳುತ್ತಾರೆ, ಹಾಗೇನಿಲ್ಲ, ಹೆಚ್ಚಿನ ಕಡೆ ಎಲ್ಲರ ಜೊತೆಗೇ ಕ್ಯೂ.

ಅಪ್ಪನಿಗೆ ಇಷ್ಟವಾದದ್ದು ಹೇಳಲಾ? ಮ್ಯಾಜಿಕ್ ಕಿಂಗ್‌ಡಮ್ ಸುತ್ತ ಓಡುವ ಹೊಗೆಬಂಡಿ. ನಿಜವಾದ ಉಗಿ ಎಂಜಿನ್ ಅದು! ಆಮೇಲೆ ಅದೇ ಪಾರ್ಕಿನ ಟುಮಾರೋಲ್ಯಾಂಡ್ ಭಾಗದಲ್ಲಿ ಪೀಪಲ್‌ಮೂವರ್ ಅನ್ನುವ ಮೆಲ್ಲಗೆ ಸಾಗುವ ಗಾಡಿ, ಹತ್ತು ನಿಮಿಷ ಮೇಲಿನಿಂದ ಎಲ್ಲವನ್ನೂ ನೋಡುತ್ತ ಕೂರಬಹುದು. ಕ್ಯಾರೊಸೆಲ್ ಆಫ್ ಪ್ರೋಗ್ರೆಸ್ ಅಂತ ಒಂದಿದೆ, 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಮಾಡಿದ್ದು, ಇಪ್ಪತ್ತು ನಿಮಿಷ ತಂಪಾದ ಜಾಗದಲ್ಲಿ ಕೂತು ನೋಡುವಂಥದ್ದು, ಕ್ಯೂ ಸಾಮಾನ್ಯವಾಗಿ ಕಡಿಮೆ. ಎಪ್ಕಾಟ್‌ನಲ್ಲಿ ಲಿವಿಂಗ್ ವಿತ್ ದಿ ಲ್ಯಾಂಡ್, ದೋಣಿಯಲ್ಲಿ ಕೂತು ಹಸಿರುಮನೆಯೊಳಗೆ ಸಾಗುತ್ತೀರಿ, ಮಣ್ಣಿಲ್ಲದೆ ಬೆಳೆಸಿದ ತರಕಾರಿ, ಹಬ್ಬಕ್ಕೆ ಅದಕ್ಕೂ ದೀಪದ ಅಲಂಕಾರ. ಅಪ್ಪ ರೈತರಾದ್ದರಿಂದ ಅಲ್ಲಿಂದ ಏಳಲು ಮನಸ್ಸೇ ಇರಲಿಲ್ಲ. ಎಪ್ಕಾಟ್‌ನ ಕೆರೆ ದಾಟಲು ದೋಣಿ ಇದೆ, ಅಷ್ಟು ನಡಿಗೆ ಉಳಿಯುತ್ತದೆ.

ಬೆಳ್ಳಿಚುಕ್ಕಿ

ಊಟದ ವಿಷಯ ನಾನು ಹೇಳುತ್ತೇನೆ, ಮೊಟ್ಟೆ ತಿನ್ನದವರು ನಮ್ಮ ಮನೆಯಲ್ಲೂ ಇದ್ದಾರೆ. ಮೊದಲನೆಯದಾಗಿ, ಪಾರ್ಕಿನೊಳಗೆ ನಿಮ್ಮ ಊಟ ಒಯ್ಯಬಹುದು. ತುಂಬಾ ಜನರಿಗೆ ಇದು ಗೊತ್ತೇ ಇಲ್ಲ. ಗಾಜಿನ ಡಬ್ಬಿ ಬೇಡ, ಬಿಸಿ ಮಾಡಬೇಕಾದದ್ದು ಬೇಡ, ಬಿಡಿ ಐಸ್ ಬೇಡ, ಅಷ್ಟೇ. ಚಪಾತಿ ಪಲ್ಯ, ಪುಳಿಯೋಗರೆ, ಅವಲಕ್ಕಿ ಯಾವುದಾದರೂ ಸರಿ. ಬ್ಯಾಗ್ ತಪಾಸಣೆಯಲ್ಲಿ ತೆಗೆದು ತೋರಿಸಿದರೆ ಬಿಡುತ್ತಾರೆ. ಕೌಂಟರ್‌ನಲ್ಲಿ ಊಟ ಕೊಡುವ ಕಡೆ ಐಸ್ ನೀರು ಕೇಳಿದರೆ ಸುಮ್ನೆ ಕೊಡುತ್ತಾರೆ, ಬಾಟಲಿ ಕೊಳ್ಳುವುದು ಬೇಡ.

ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದು ಸಸ್ಯಮೂಲದ್ದೇ, ಹಾಲು ಮೊಟ್ಟೆ ಎರಡೂ ಇರುವುದಿಲ್ಲ. ಅತ್ತೆಗೆ ಅದೇ ಸುಲಭದ ದಾರಿ. ಅನಿಮಲ್ ಕಿಂಗ್‌ಡಮ್‌ನ ಸಾಟುಲಿ ಕ್ಯಾಂಟೀನ್‌ನಲ್ಲಿ ಖಾರದ ತೋಫು ಹಾಕಿದ ಬೌಲ್ ಚೆನ್ನಾಗಿದೆ.

ಆದರೆ ಒಂದು ಊಟ ಮಾತ್ರ ಬಿಡಬೇಡಿ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಹೋಟೆಲ್‌ನಲ್ಲಿ ಸನಾ ಅಂತ ಊಟದ ಮನೆ ಇದೆ. ಆಫ್ರಿಕಾ ಮತ್ತು ಭಾರತದ ಅಡುಗೆ ಸೇರಿಸಿ ಮಾಡುತ್ತಾರೆ. ನಾನ್ ಥರದ ರೊಟ್ಟಿಗಳ ಜೊತೆ ಬಗೆಬಗೆಯ ಚಟ್ನಿ ಕೊಡುತ್ತಾರೆ, ಅದಕ್ಕೇ ಜನ ಹುಡುಕಿಕೊಂಡು ಬರುತ್ತಾರೆ. ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಇದಕ್ಕೆ ಪಾರ್ಕಿನ ಟಿಕೆಟ್ ಬೇಡ. ಟೇಬಲ್ ಮಾತ್ರ 60 ದಿನ ಮುಂಚೆ ಹಿಡಿಯಬೇಕು, ಡಿಸ್ನಿ ಹೋಟೆಲ್‌ನವರಿಗೆ ಚೆಕ್ ಇನ್ ದಿನದಿಂದ ಲೆಕ್ಕ ಹಾಕಿ ಮುಂದಿನ ಹತ್ತು ದಿನಕ್ಕೂ ಒಟ್ಟಿಗೇ ಸಿಗುತ್ತದೆ. ನೀವು 26ಕ್ಕೆ ಚೆಕ್ ಇನ್ ಅಂದರೆ ಅಕ್ಟೋಬರ್ 27ರ ಬೆಳಗ್ಗೆ. ಯಾವ ರೊಟ್ಟಿಯಲ್ಲಿ ಮೊಟ್ಟೆ ಇದೆ ಅಂತ ಬಡಿಸುವವರನ್ನು ಕೇಳಿ, ವಿಚಾರಿಸಿ ಹೇಳುತ್ತಾರೆ.

ಶ್ರಾವಣ

ಹೊರಗೆ ಮನೆ ಬಾಡಿಗೆಗೆ ಹಿಡಿಯುವುದು ಅಗ್ಗ, ಅಡುಗೆಗೂ ಅನುಕೂಲ. ಆರು ಜನರಿಗೆ ಡಿಸ್ನಿ ಹೋಟೆಲ್ ಅಂದರೆ ಎರಡು ರೂಮು, ಆ ವಾರದ ದರ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಪಾರ್ಕಿಂಗ್‌ಗೆ ದಿನಾ ದುಡ್ಡು ಕೊಟ್ಟರೂ ಉಳಿತಾಯವೇ.

ಕಾಡುಮಲ್ಲಿಗೆ

ಬೇರೆ ತಿಂಗಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈ ವಾರಕ್ಕೆ, ಈ ಮನೆಯವರಿಗೆ, ಒಳಗೇ ಉಳಿಯುವುದು ಸರಿ. ಹೊರಗಿನ ಮನೆಯಿಂದ ಮಧ್ಯಾಹ್ನ ವಾಪಸ್ ಹೋಗಿ ಸಂಜೆ ಮತ್ತೆ ಬರುವುದು ಅಂದರೆ ಆ ವಾರದ ಟ್ರಾಫಿಕ್‌ನಲ್ಲಿ ಸಾಕು ಸಾಕಾಗುತ್ತದೆ. ಆಮೇಲೆ ಯಾರೂ ಮಧ್ಯಾಹ್ನ ವಾಪಸ್ ಹೋಗುವುದೇ ಇಲ್ಲ, ನಾನು ಹೇಳಿದ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಡಿಸ್ನಿ ಹೋಟೆಲ್‌ನವರಿಗೆ ಎಲ್ಲ ಪಾರ್ಕಿಗೂ ಪ್ರತಿ ದಿನ ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ, ಪಾರ್ಕಿಂಗ್ ದುಡ್ಡಿಲ್ಲ. ಆ ಅರ್ಧ ಗಂಟೆಯಲ್ಲಿ ಆಗುವ ಕೆಲಸ ಮಧ್ಯಾಹ್ನ ಮೂರು ಗಂಟೆಯಲ್ಲೂ ಆಗುವುದಿಲ್ಲ.

ಎರಡು ರೂಮು ಬೇಕಿಲ್ಲ. ಆರ್ಟ್ ಆಫ್ ಆ್ಯನಿಮೇಷನ್ ಹೋಟೆಲ್‌ನಲ್ಲಿ ಫ್ಯಾಮಿಲಿ ಸ್ವೀಟ್ ಅಂತ ಇದೆ, ಆರು ಜನ ಮಲಗಬಹುದು, ಎರಡು ಬಚ್ಚಲು, ಮೈಕ್ರೋವೇವ್ ಇರುತ್ತದೆ. ಹೋಟೆಲ್ ಮುಂದಿನಿಂದಲೇ ಸ್ಕೈಲೈನರ್, 2019ರಲ್ಲಿ ಶುರುವಾದದ್ದು, ತಂತಿಯ ಮೇಲೆ ಹೋಗುವ ಪೆಟ್ಟಿಗೆ, ಎಪ್ಕಾಟ್‌ಗೂ ಹಾಲಿವುಡ್ ಸ್ಟುಡಿಯೋಸ್‌ಗೂ ಕರೆದೊಯ್ಯುತ್ತದೆ. ಮಗನಿಗೆ ಅದೇ ಒಂದು ರೈಡ್. ಮಿಂಚು ಗುಡುಗಿದ್ದರೆ ನಿಲ್ಲಿಸುತ್ತಾರೆ, ಆಗ ಬಸ್ಸು.

ಗಿರಿಧಾಮ ಅವರಿಗೂ ಒಂದು ಮಾತು. ರೈಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ದಿನಕ್ಕೆ ನಾಲ್ಕೈದು ದೊಡ್ಡ ರೈಡ್ ಸಾಕು ಅಂತ ಮೊದಲೇ ಮನಸ್ಸು ಮಾಡಿಕೊಳ್ಳಿ ಅಂತ ಹೇಳುತ್ತಿದ್ದೇನೆ. ಸ್ಪೇಸ್ ಮೌಂಟನ್ ಸೆಪ್ಟೆಂಬರ್‌ನಲ್ಲೂ ಇರುತ್ತದೆ. ಕ್ಯಾಂಡಲ್‌ಲೈಟ್ ಪ್ರೊಸೆಷನಲ್ ಸೆಪ್ಟೆಂಬರ್‌ನಲ್ಲಿ ಇರುವುದಿಲ್ಲ. ಎಪ್ಕಾಟ್‌ನಲ್ಲಿ ಕೆರೆಯ ದಡದ ರಂಗಮಂದಿರದಲ್ಲಿ ನಡೆಯುತ್ತದೆ. ದೊಡ್ಡ ಗಾಯನ ತಂಡ, ಪೂರ್ತಿ ವಾದ್ಯವೃಂದ, ಒಬ್ಬ ಹೆಸರಾಂತ ಕಲಾವಿದರು ನಿಂತು ಏಸು ಹುಟ್ಟಿದ ಕತೆ ಓದುತ್ತಾರೆ. 1958ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಶುರುವಾದ ಪದ್ಧತಿ ಇದು. ನಾನು ಅಲ್ಲಿ ಕೂತಾಗಲೆಲ್ಲ ಕಣ್ಣು ತುಂಬಿಕೊಳ್ಳುತ್ತದೆ, ಅಷ್ಟು ಕಂಠಗಳು ಒಮ್ಮೆಗೇ ಏಳುವಾಗ ಮೈ ಜುಮ್ಮೆನ್ನುತ್ತದೆ. ಮಾವನವರಿಗೆ ಸಂಗೀತ ಇಷ್ಟ ಇದ್ದರೆ ಇದೊಂದಕ್ಕೇ ಬಂದರೂ ಸಾಕು. ಪಾರ್ಕಿನ ಟಿಕೆಟ್ ಇದ್ದರೆ ಬೇರೆ ದುಡ್ಡಿಲ್ಲ, ಆದರೆ ಮುಂಚೆಯೇ ಸಾಲು ನಿಲ್ಲಬೇಕು. ಊಟದ ಪ್ಯಾಕೇಜ್ ತೆಗೆದುಕೊಂಡರೆ ಕುರ್ಚಿ ಖಾತ್ರಿ, ವಯಸ್ಸಾದವರಿದ್ದರೆ ಅದನ್ನೇ ಮಾಡಿ.

ಅದೇ ದಿನ ದೇಶಗಳ ಮಂಟಪಗಳಲ್ಲಿ ಹಬ್ಬದ ಕತೆ ಹೇಳುವವರು ಇರುತ್ತಾರೆ. ಇಟಲಿಯಲ್ಲಿ ಪೊರಕೆ ಹಿಡಿದ ಅಜ್ಜಿ ಬೆಫಾನಾ, ಜಪಾನಿನಲ್ಲಿ ದಾರುಮಾ ಗೊಂಬೆ ಮಾರುವವರು. ಏಳು ವರ್ಷದ ಮಗಳು ನಿಂತು ಕೇಳುತ್ತಾಳೆ ನೋಡಿ.

ಗಿರಿಧಾಮ

ಸರಿ, ನಾಲ್ಕೈದು ರೈಡ್ ಅನ್ನುವುದು ನ್ಯಾಯದ ಮಾತು. ಆದರೂ ಹಾಲಿವುಡ್ ಸ್ಟುಡಿಯೋಸ್‌ಗೆ ಮಲ್ಟಿ ಪಾಸ್ ಇಲ್ಲದೆ ಹೋಗಬೇಡಿ. ಅಲ್ಲಿ ರೈಡ್‌ಗಳ ಸಂಖ್ಯೆಯೇ ಕಡಿಮೆ, ಜನ ಎಲ್ಲ ಅವುಗಳಿಗೇ ಬಂದು ಬೀಳುತ್ತಾರೆ. ಎಪ್ಕಾಟ್, ಅನಿಮಲ್ ಕಿಂಗ್‌ಡಮ್ ಎರಡಕ್ಕೂ ಬೇಡ ಅಂದರೆ ಒಪ್ಪುತ್ತೇನೆ, ಅಲ್ಲಿ ಬೇಕಾದ ಒಂದು ಸಿಂಗಲ್ ಪಾಸ್ ಸಾಕು. ದುಡ್ಡು ಅಲ್ಲಿ ಉಳಿಸಿ.

ತುಂಗಾತೀರ

ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಫ್ಲೊರಿಡಾ ಅಂದರೆ ಸೆಕೆ ಅಂತ ಹೋಗಬೇಡಿ. ಡಿಸೆಂಬರ್‌ನಲ್ಲಿ ಹಗಲು 22, 23 ಡಿಗ್ರಿ, ರಾತ್ರಿ 11, 12. ಉತ್ತರದಿಂದ ಚಳಿಗಾಳಿ ಬಂದರೆ ಐದಕ್ಕೂ ಇಳಿಯುತ್ತದೆ. ರಾತ್ರಿ ಮೆರವಣಿಗೆಗೆ ಕಾಯುತ್ತ ಕೂತರೆ ವಯಸ್ಸಾದವರಿಗೆ ಚಳಿ ಹಿಡಿಯುತ್ತದೆ. ಸ್ವೆಟರ್, ಶಾಲು, ಕಿವಿ ಮುಚ್ಚುವ ಟೋಪಿ ವೀಲ್‌ಚೇರ್ ಹಿಂದಿನ ಚೀಲದಲ್ಲೇ ಇರಲಿ.

ಮಗನಿಗೆ ಸ್ಟ್ರೋಲರ್ ಒಯ್ಯುವುದಾದರೆ ಅಗಲ 31 ಇಂಚು, ಉದ್ದ 52 ಇಂಚು ಮೀರಬಾರದು. ಎಳೆಯುವ ವ್ಯಾಗನ್ ಬಿಡುವುದಿಲ್ಲ. ಸೆಲ್ಫಿ ಸ್ಟಿಕ್ ಕೂಡ ಇಲ್ಲ.

ಹೊಂಬಿಸಿಲು

ಎಷ್ಟು ಥ್ಯಾಂಕ್ಸ್ ಹೇಳಿದರೂ ಕಡಿಮೆ. ನಿನ್ನೆ ರಾತ್ರಿ ಎಲ್ಲರೂ ಕೂತು ಇದನ್ನು ಓದಿದೆವು. ವೀಲ್‌ಚೇರ್ ಅಂದಿದ್ದಕ್ಕೆ ಮಾವ ಮೊದಲು ಸುಮ್ಮನಿದ್ದರು, ಉಗಿ ಎಂಜಿನ್ ವಿಷಯ ಬಂದ ಮೇಲೆ ಒಪ್ಪಿದರು. ಆರ್ಟ್ ಆಫ್ ಆ್ಯನಿಮೇಷನ್ ಸ್ವೀಟ್ ಬುಕ್ ಮಾಡಿದೆವು, ದರ ಜಾಸ್ತಿಯೇ, ಆದರೆ ಒಂದು ದಿನ ಪಾರ್ಕು ಕಡಿಮೆ ಮಾಡಿ ಸರಿದೂಗಿಸಿದೆವು. ಹೀಗೆ ಅಂದುಕೊಂಡಿದ್ದೇವೆ, ತಪ್ಪಿದ್ದರೆ ಹೇಳಿ:

26 ಸಂಜೆ ತಲುಪಿ, ಅಂಗಡಿ ಹೋಟೆಲ್‌ಗಳಿರುವ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಕ್ರಿಸ್‌ಮಸ್ ಮರಗಳನ್ನು ನೋಡುವುದು. 27 ಬೆಳಗ್ಗೆ ಅನಿಮಲ್ ಕಿಂಗ್‌ಡಮ್, ಮಧ್ಯಾಹ್ನ ಸನಾದಲ್ಲಿ ಊಟ. 28 ಎಪ್ಕಾಟ್, ಸಂಜೆ ಕ್ಯಾಂಡಲ್‌ಲೈಟ್. 29 ಪೂರ್ತಿ ವಿಶ್ರಾಂತಿ. 30 ಮ್ಯಾಜಿಕ್ ಕಿಂಗ್‌ಡಮ್. 31 ವಾಪಸ್. ಹಾಲಿವುಡ್ ಸ್ಟುಡಿಯೋಸ್ ಈ ಸಲ ಬಿಟ್ಟೆವು, ಮಗಳು ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡಿದ್ದಾಳೆ.

ಕಾಡುಮಲ್ಲಿಗೆ

ತುಂಬಾ ಚೆನ್ನಾಗಿದೆ, ಒಂದೇ ಒಂದು ಬದಲಾವಣೆ. 29 ಮತ್ತು 30 ಅದಲು ಬದಲು ಮಾಡಿ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಹೊಸ ವರ್ಷದ ಪಟಾಕಿಯನ್ನು 30ಕ್ಕೂ ಹಾರಿಸುತ್ತಾರೆ, 31ರ ಜನ ತಪ್ಪಿಸಿಕೊಳ್ಳಲು ಎಷ್ಟೋ ಜನ 30ಕ್ಕೇ ಬರುತ್ತಾರೆ. ವೀಲ್‌ಚೇರ್ ತಳ್ಳಿಕೊಂಡು, ಮಲಗಿದ ಮಗುವನ್ನು ಎತ್ತಿಕೊಂಡು ಆ ಜನಜಂಗುಳಿಯಲ್ಲಿ ಹೊರಬರುವುದು ಬೇಡ. 29ಕ್ಕೆ ಹೋದರೂ ಪಟಾಕಿ ಇದ್ದೇ ಇರುತ್ತದೆ. ಮೆರವಣಿಗೆ ಮುಗಿದ ಮೇಲೆ ಅಲ್ಲಿಂದ ಮೊನೊರೈಲ್ ಹತ್ತಿ ಕಂಟೆಂಪೊರರಿ, ಪಾಲಿನೇಷಿಯನ್, ಗ್ರ್ಯಾಂಡ್ ಫ್ಲೊರಿಡಿಯನ್ ಹೋಟೆಲ್‌ಗಳ ಅಲಂಕಾರ ನೋಡಿ ಬನ್ನಿ, ಅತ್ತೆ ಮಾವ ಕೂತೇ ನೋಡಬಹುದು.

ಗಿರಿಧಾಮ

ಮಗಳಿಗೆ ಹೇಳಿ, 29ಕ್ಕೆ ಸೆವೆನ್ ಡ್ವಾರ್ಫ್ಸ್‌ಗೆ ಬೆಳಗ್ಗೆ ಆ ಅರ್ಧ ಗಂಟೆಯಲ್ಲೇ ಓಡಲಿ. ಸ್ಪೇಸ್ ಮೌಂಟನ್‌ಗೆ ಮಲ್ಟಿ ಪಾಸ್‌ನಲ್ಲಿ ರಾತ್ರಿಯ ಹೊತ್ತು ಹಿಡಿಯಿರಿ. ನಿಮ್ಮ ಲೈಟ್ನಿಂಗ್ ಲೇನ್ ಬುಕಿಂಗ್ ಡಿಸೆಂಬರ್ 19ಕ್ಕೆ ಬೆಳಗ್ಗೆ 7ಕ್ಕೆ ತೆರೆಯುತ್ತದೆ, ಪೂರ್ವ ಅಮೆರಿಕದ ಸಮಯ. ಎಲ್ಲರ ಟಿಕೆಟ್‌ಗಳೂ ಒಂದೇ ಅಕೌಂಟ್‌ನಲ್ಲಿ ಸೇರಿವೆಯಾ ಅಂತ ಹಿಂದಿನ ದಿನವೇ ನೋಡಿಕೊಳ್ಳಿ, ಕಾರ್ಡಿನ ವಿವರವನ್ನೂ ಹಾಕಿಡಿ.

ಹೊಂಬಿಸಿಲು

ಬದಲಾಯಿಸಿದೆವು. ಅಕ್ಟೋಬರ್ 27ಕ್ಕೂ ಡಿಸೆಂಬರ್ 19ಕ್ಕೂ ಅಲಾರಂ ಇಟ್ಟಾಯಿತು. ಬೆಳ್ಳಿಚುಕ್ಕಿ ಅವರೇ, ಸನಾದಲ್ಲಿ ಮಧ್ಯಾಹ್ನ ಎಷ್ಟು ಹೊತ್ತಿಗೆ ಟೇಬಲ್ ಹಿಡಿದರೆ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ?

ಬೆಳ್ಳಿಚುಕ್ಕಿ

ಬೆಳಕು ಇರುವಾಗ ಯಾವ ಹೊತ್ತಾದರೂ ಸರಿ, ಐದರ ಮೇಲೆ ಮಾತ್ರ ಬೇಡ, ಕತ್ತಲಾಗುತ್ತದೆ. ಬುಕ್ ಮಾಡುವಾಗಲೇ ವೀಲ್‌ಚೇರ್ ಇದೆ ಅಂತ ಹಾಕಿ, ಕಿಟಕಿ ಪಕ್ಕದ ಜಾಗ ಬೇಕು ಅಂತ ಹೋದ ತಕ್ಷಣ ಕೇಳಿ. ಖಾಲಿ ಇದ್ದರೆ ಕೊಡುತ್ತಾರೆ. ಸಿಗದಿದ್ದರೆ ಊಟ ಆದ ಮೇಲೆ ಹೊರಗೆ ಬೇಲಿ ಪಕ್ಕದಲ್ಲೇ ನಿಂತು ನೋಡಬಹುದು, ಅಲ್ಲಿ ಕೂರಲು ಜಾಗ ಇದೆ.